ಮೋಟರ್‌ಹೋಮ್ ಹಿಂದೆ ಟ್ರಕ್ ಎಳೆಯುವಾಗ ಅದರ ಬ್ರೇಕ್‌ಗೆ ಕರೆಂಟ್ ಕೊಡುವುದು ಹೇಗೆ

ಮೋಟರ್‌ಹೋಮ್ (ಒಳಗೇ ವಾಸ ಮಾಡುವ ದೊಡ್ಡ ಪ್ರವಾಸದ ಗಾಡಿ) ಹಿಂದೆ ಪಿಕಪ್ ಟ್ರಕ್ ಕಟ್ಟಿಕೊಂಡು ಹೋಗುವವರು ಎರಡನ್ನೂ ಜೋಡಿಸುವ ಟೋ ಬಾರ್ ಯಾವುದು ಅಂತ ಹತ್ತು ಜನರನ್ನು ಕೇಳುತ್ತಾರೆ, ಆ ಬಾರ್ ಸಿಕ್ಕಿಸಲು ಟ್ರಕ್ ಮುಂದೆ ಹಾಕುವ ಬೇಸ್‌ಪ್ಲೇಟ್ ಬಗ್ಗೆ ವಾರಗಟ್ಟಲೆ ಓದುತ್ತಾರೆ, ಎಳೆಯುವಾಗ ಟ್ರಕ್‌ನ ಬ್ರೇಕ್ ತಾನಾಗಿ ಹಾಕುವ ಸಾಧನ, ಅಂದರೆ ಸಪ್ಲಿಮೆಂಟಲ್ ಬ್ರೇಕ್, ಯಾವ ಕಂಪನಿಯದು ತಗೊಳ್ಳಬೇಕು ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ಆ ಬ್ರೇಕ್‌ಗೆ ಕರೆಂಟ್ ಎಲ್ಲಿಂದ ಬರುತ್ತದೆ ಅಂತ ಕೇಳಿದರೆ ಮಾತ್ರ "ಲೈಟರ್ ಸಾಕೆಟ್‌ಗೆ ಚುಚ್ಚಿದರೆ ಆಯ್ತಲ್ಲ" ಅನ್ನುವ ಉತ್ತರ ಬರುತ್ತದೆ. ಹಳೇ ಟ್ರಕ್‌ಗಳಲ್ಲಿ ಅದು ನಡೆಯುತ್ತಿತ್ತು. ಈಗಿನ ಎಷ್ಟೋ ಟ್ರಕ್‌ಗಳಲ್ಲಿ ನಡೆಯುವುದಿಲ್ಲ, ನಡೆದರೂ ಅರ್ಧ ದಾರಿಯವರೆಗೆ ಅಷ್ಟೇ.

ನಾನು ಹೇಳುವ ಪದ್ಧತಿ ಇಷ್ಟು. ಬ್ರೇಕ್ ಓಡುವುದು ಟ್ರಕ್‌ನ ಸ್ವಂತ ಬ್ಯಾಟರಿಯಿಂದ. ಅದಕ್ಕೆ ನೇರ ವೈರ್, ಬೇರೆ ಫ್ಯೂಸ್, ಬೇರೆ ಸಾಕೆಟ್. ಮೋಟರ್‌ಹೋಮ್‌ನಿಂದ ಬರುವ ವೈರ್ ಇರುವುದು ಆ ಬ್ಯಾಟರಿಯನ್ನು ತುಂಬಿಡುವುದಕ್ಕೆ, ಬ್ರೇಕ್ ಓಡಿಸುವುದಕ್ಕಲ್ಲ. ಈ ಎರಡನ್ನು ಅದಲು ಬದಲು ಮಾಡಿದರೆ ಏನಾಗುತ್ತದೆ ಅಂತ ಬ್ರೇಕ್‌ಅವೇ (ಟ್ರಕ್ ಕಳಚಿಕೊಂಡರೆ ತಾನೇ ಬ್ರೇಕ್ ಹಾಕುವ ವ್ಯವಸ್ಥೆ) ವಿಷಯ ಬಂದಾಗ ಹೇಳುತ್ತೇನೆ.

ಬ್ರೇಕ್ ಬೇಕೇ ಬೇಕಾ ಅನ್ನುವವರಿಗೆ ಎರಡು ಮಾತು. ನಾಲ್ಕೂ ಚಕ್ರ ನೆಲದ ಮೇಲಿಟ್ಟು ಎಳೆಯುವ ಟ್ರಕ್ ಸಾಮಾನ್ಯವಾಗಿ 4,500ರಿಂದ 5,500 ಪೌಂಡ್ ತೂಗುತ್ತದೆ. ಜೀಪ್ ಗ್ಲ್ಯಾಡಿಯೇಟರ್ ಇರಲಿ, ಫೋರ್ಡ್ ಎಫ್-150 ಫೋರ್ ವೀಲ್ ಡ್ರೈವ್ ಇರಲಿ, ಎಲ್ಲ ಇದೇ ಲೆಕ್ಕ. ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ 3,000 ಪೌಂಡ್ ದಾಟಿದರೆ ಹಿಂದೆ ಕಟ್ಟಿದ ಗಾಡಿಗೂ ಬ್ರೇಕ್ ಇರಬೇಕು, ಕೆಲವು ಕಡೆ ಇನ್ನೂ ಕಡಿಮೆಗೇ ಬೇಕು. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಹಿಂದೆ ಕಟ್ಟಿದ ಗಾಡಿ 2,000 ಕಿಲೋ ದಾಟಿದರೆ, ಇಲ್ಲವೇ ಮೋಟರ್‌ಹೋಮ್‌ನ ಗರಿಷ್ಠ ತೂಕದ ಶೇಕಡ 40 ಮೀರಿದರೆ ಬ್ರೇಕ್ ಬೇಕು. ಕಾನೂನು ಪಕ್ಕಕ್ಕಿಟ್ಟರೂ, ಮೋಟರ್‌ಹೋಮ್‌ನ ಬ್ರೇಕ್ ಮಾಡಿರುವುದು ಅದರ ಸ್ವಂತ ತೂಕಕ್ಕೆ. ಇಳಿಜಾರಿನಲ್ಲಿ ಹಿಂದಿನಿಂದ ಎರಡೂವರೆ ಟನ್ ತಳ್ಳುತ್ತಿದ್ದರೆ ಅದು ಚೆನ್ನಾಗಿ ಗೊತ್ತಾಗುತ್ತದೆ.

ಯಾವ ಬ್ರೇಕ್‌ಗೆ ಎಷ್ಟು ಹಸಿವು

ಸಪ್ಲಿಮೆಂಟಲ್ ಬ್ರೇಕ್‌ಗಳಲ್ಲಿ ಎರಡು ಜಾತಿ. ಒಂದು, ಡ್ರೈವರ್ ಸೀಟಿನ ಮುಂದೆ ನೆಲದ ಮೇಲಿಟ್ಟು ಪೆಡಲ್‌ಗೆ ಹಿಡಿ ಸಿಕ್ಕಿಸುವ ಪೆಟ್ಟಿಗೆ. ಬ್ರೇಕ್ ಬಡ್ಡಿ, ಬ್ಲೂ ಆಕ್ಸ್ ಪೇಟ್ರಿಯಟ್, ರೋಡ್‌ಮಾಸ್ಟರ್ ಈವನ್ ಬ್ರೇಕ್ ಇವೆಲ್ಲ ಈ ಜಾತಿಯವು. ಕೆಲವುದರ ಒಳಗೆ ಪುಟ್ಟ ಏರ್ ಕಂಪ್ರೆಸರ್ ಇರುತ್ತದೆ, ಪೇಟ್ರಿಯಟ್‌ನಲ್ಲಿ ಗಾಳಿ ಇಲ್ಲ, ಮೋಟರ್ ನೇರವಾಗಿ ಪೆಡಲ್ ಒತ್ತುತ್ತದೆ. ಎರಡನೆಯದು ಟ್ರಕ್‌ಗೇ ಖಾಯಂ ಆಗಿ ಕೂರಿಸುವಂಥದ್ದು. ಡೆಮ್ಕೊ ಸ್ಟೇ-ಇನ್-ಪ್ಲೇ ಡ್ಯುಯೊ ತಗೊಂಡರೆ ಅದಕ್ಕೆ ಸ್ವಂತ ವ್ಯಾಕ್ಯೂಮ್ ಪಂಪ್ ಇದೆ, ಆ ಪಂಪ್ ತಿನ್ನುವುದು ಟ್ರಕ್ ಬ್ಯಾಟರಿಯನ್ನೇ. ನಿಮ್ಮದು ಏರ್ ಬ್ರೇಕ್ ಇರುವ ಡೀಸೆಲ್ ಮೋಟರ್‌ಹೋಮ್ ಆಗಿದ್ದರೆ ಡೆಮ್ಕೊ ಏರ್ ಫೋರ್ಸ್ ಒನ್ ಥರದ್ದು ಹಾಕಿಸಿ, ಕೆಲಸ ಮಾಡುವುದು ಮೋಟರ್‌ಹೋಮ್‌ನ ಗಾಳಿ. ಆಗ ಕರೆಂಟಿನ ತಲೆನೋವು ಮುಕ್ಕಾಲು ಪಾಲು ಹೋಯಿತು. ಆ ಅನುಕೂಲ ಇರುವವರು ಬೇರೆ ಯೋಚನೆಯನ್ನೇ ಮಾಡಬೇಡಿ ಅನ್ನುವುದು ನನ್ನ ಅಭಿಪ್ರಾಯ.

ಪೆಟ್ಟಿಗೆ ಬ್ರೇಕ್ ಎಷ್ಟು ಆಂಪ್ ಎಳೆಯುತ್ತದೆ ಅಂತ ಅದರ ಲೇಬಲ್ ಮೇಲೆ ಬರೆದಿರುತ್ತದೆ. ಆ ಅಂಕಿ ಕಂಪ್ರೆಸರ್ ಓಡುವ ಕೆಲವು ಸೆಕೆಂಡಿನದು. ಉಳಿದ ಹೊತ್ತೆಲ್ಲ ಅದು ಸುಮ್ನೆ ಕಾಯುತ್ತಾ ಕೂತಿರುತ್ತದೆ. ಹೆದ್ದಾರಿಯಲ್ಲಿ ನೆಟ್ಟಗೆ ಹೋಗುವಾಗ ಬ್ರೇಕ್ ತಿನ್ನುವ ಕರೆಂಟ್ ತೀರಾ ಕಡಿಮೆ. ಹಾಗಾದರೆ ಸಂಜೆ ಕ್ಯಾಂಪ್ ಮುಟ್ಟಿದಾಗ ಟ್ರಕ್ ಸ್ಟಾರ್ಟ್ ಆಗುವುದಿಲ್ಲವಲ್ಲ, ಯಾಕೆ?

ಯಾಕೆಂದರೆ ಎಷ್ಟೋ ಸಲ ಬ್ಯಾಟರಿ ತಿಂದು ಹಾಕುವುದು ಬ್ರೇಕ್ ಅಲ್ಲ, ನಿದ್ದೆ ಮಾಡದ ಟ್ರಕ್. ಸ್ಟೀರಿಂಗ್ ಲಾಕ್ ಬೀಳದಿರಲಿ ಅಂತಲೋ, ಸಾಕೆಟ್‌ಗೆ ಕರೆಂಟ್ ಬರಲಿ ಅಂತಲೋ ಕೀಯನ್ನು ಆಕ್ಸೆಸರಿಯಲ್ಲಿ ಬಿಟ್ಟರೆ ಒಳಗಿನ ಕಂಪ್ಯೂಟರ್‌ಗಳು, ಪರದೆ, ರೇಡಿಯೋ ಎಲ್ಲ ಎದ್ದು ಕೂತಿರುತ್ತವೆ. ಉದಾಹರಣೆಗೆ 5 ಆಂಪ್ ಅಂದುಕೊಳ್ಳಿ. ಆರು ಗಂಟೆ ಪ್ರಯಾಣಕ್ಕೆ 30 ಆಂಪ್-ಅವರ್. ಟ್ರಕ್‌ನ ಬ್ಯಾಟರಿ 60ರಿಂದ 80 ಆಂಪ್-ಅವರ್‌ನದು, ಅದೂ ಹೊಸದಾಗಿದ್ದಾಗ. ಸ್ಟಾರ್ಟಿಂಗ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯಸ್ಸು ಕಡಿಮೆ ಆಗುತ್ತದೆ, ಹಳೇ ಬ್ಯಾಟರಿ ಆದರೆ ಅವತ್ತೇ ಕೈ ಕೊಡುತ್ತದೆ. ಅದಕ್ಕೇ ಮೊದಲ ಕೆಲಸ ಟ್ರಕ್ ಅನ್ನು ಮಲಗಿಸುವುದು. ಮಾಲೀಕರ ಕೈಪಿಡಿಯಲ್ಲಿ ರಿಕ್ರಿಯೇಷನಲ್ ಟೋಯಿಂಗ್ ಅಂತ ಒಂದು ಭಾಗ ಇರುತ್ತದೆ, ನಿಮ್ಮ ವರ್ಷದ, ನಿಮ್ಮ ಮಾಡೆಲ್‌ನ ಕೈಪಿಡಿಯನ್ನೇ ಓದಿ. ಕೀ ಎಲ್ಲಿರಬೇಕು, ಟ್ರಾನ್ಸ್‌ಫರ್ ಕೇಸ್ (ಎಂಜಿನ್ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ) ನ್ಯೂಟ್ರಲ್‌ಗೆ ಹೇಗೆ ಹಾಕಬೇಕು, ಗೇರ್ ಯಾವುದರಲ್ಲಿರಬೇಕು, ಬ್ಯಾಟರಿ ಬಿಚ್ಚಬೇಕಾ, ಎಲ್ಲ ಅಲ್ಲಿದೆ. ಒಂದೇ ಹೆಸರಿನ ಟ್ರಕ್‌ಗೂ ವರ್ಷದಿಂದ ವರ್ಷಕ್ಕೆ ಇದು ಬದಲಾಗುತ್ತದೆ. ಪುಶ್ ಬಟನ್ ಸ್ಟಾರ್ಟ್ ಇರುವ ಗಾಡಿಯಾದರೆ ಕೀ ಫಾಬ್ ಅನ್ನು ಟ್ರಕ್ ಒಳಗೆ ಬಿಡಬೇಡಿ, ಮೋಟರ್‌ಹೋಮ್‌ನಲ್ಲಿಟ್ಟುಕೊಳ್ಳಿ. ಹತ್ತಿರ ಇದ್ದಷ್ಟೂ ಗಾಡಿ ಎಚ್ಚರವಾಗುತ್ತಿರುತ್ತದೆ.

ಸಾಕೆಟ್ ಪರೀಕ್ಷೆ

ಈಗಿರುವ ಸಾಕೆಟ್ ಸಾಕಾಗುತ್ತದಾ ಅಂತ ತಿಳಿಯುವುದು ಸುಲಭ. ಟ್ರಕ್ ಅನ್ನು ಎಳೆಯುವ ಸ್ಥಿತಿಯಲ್ಲೇ ಇಡಿ. ಅಂದರೆ ಕೀ ಕೈಪಿಡಿ ಹೇಳಿದ ಜಾಗದಲ್ಲಿ, ಬಾಗಿಲು ಹಾಕಿ, ಲಾಕ್ ಮಾಡಿ. ಸಾಕೆಟ್‌ಗೆ ದೀಪ ಇರುವ ಒಂದು ಚಾರ್ಜರ್ ಚುಚ್ಚಿ, ಕಿಟಕಿಯಿಂದ ಕಾಣುವ ಹಾಗಿರಲಿ. ಎರಡು ಗಂಟೆ ಬಿಟ್ಟು ನೋಡಿ. ಕೆಲವು ಗಾಡಿ ಹತ್ತು ನಿಮಿಷಕ್ಕೆ ಕರೆಂಟ್ ಕಡಿದು ಬಿಡುತ್ತವೆ, ಕೆಲವು ಅರ್ಧ ಗಂಟೆಗೆ, ಇನ್ನು ಕೆಲವು ಒಂದು ಗಂಟೆ ದಾಟಿದ ಮೇಲೆ. ಈ ಕೊನೆಯ ಜಾತಿಯೇ ಅಪಾಯ, ಯಾಕೆಂದರೆ ಮನೆ ಮುಂದೆ ಐದು ನಿಮಿಷ ಪರೀಕ್ಷೆ ಮಾಡಿದಾಗ ಎಲ್ಲ ಸರಿ ಇದ್ದಂತೆಯೇ ಕಾಣುತ್ತದೆ, ಆಮೇಲೆ ಘಾಟಿ ಇಳಿಯುವ ಹೊತ್ತಿಗೆ ಪೆಟ್ಟಿಗೆ ಸತ್ತಿರುತ್ತದೆ.

ಕೆಲವು ಜೀಪ್, ರ್ಯಾಮ್ ಗಾಡಿಗಳಲ್ಲಿ ಫ್ಯೂಸ್ ಬಾಕ್ಸ್ ಒಳಗೆ ಸಾಕೆಟ್‌ನ ಫ್ಯೂಸ್‌ಗೆ ಎರಡು ಜಾಗ ಇರುತ್ತದೆ, ಒಂದು ಇಗ್ನಿಷನ್ ಜೊತೆ, ಇನ್ನೊಂದು ಯಾವಾಗಲೂ ಕರೆಂಟ್ ಇರುವಂಥದ್ದು. ಫ್ಯೂಸ್ ಕಿತ್ತು ಪಕ್ಕಕ್ಕೆ ಚುಚ್ಚಿದರೆ ಮುಗಿಯಿತು. ಕೈಪಿಡಿಯ ಫ್ಯೂಸ್ ಪಟ್ಟಿಯಲ್ಲಿ ನೋಡಿ, ನಿಮ್ಮ ಗಾಡಿಯಲ್ಲಿದ್ದರೆ ಅದೃಷ್ಟ. ಆದರೂ ಆ ಸಾಕೆಟ್ ಮೇಲೆ ನನಗೆ ಪೂರ್ತಿ ನಂಬಿಕೆ ಇಲ್ಲ. ಲೈಟರ್ ಪ್ಲಗ್ ಹಿಡಿದುಕೊಳ್ಳುವುದು ಒಂದು ಸ್ಪ್ರಿಂಗ್‌ನ ಒತ್ತಡದಿಂದ. ಗಂಟೆಗಟ್ಟಲೆ ಅಲುಗಾಡಿದರೆ ಅದು ಒಂಚೂರು ಹಿಂದೆ ಸರಿಯುತ್ತದೆ, ತುದಿ ತಾಗಿಯೂ ತಾಗದ ಹಾಗೆ ನಿಲ್ಲುತ್ತದೆ, ಕಂಪ್ರೆಸರ್ ಎಳೆದಾಗೆಲ್ಲ ಬಿಸಿಯಾಗುತ್ತದೆ. ಪ್ಲಗ್‌ನ ತುದಿ ಕಪ್ಪಾಗಿದ್ದರೆ, ಪ್ಲಾಸ್ಟಿಕ್ ಅಂಚು ಮೆತ್ತಗಾಗಿ ಸೊಟ್ಟ ಆಗಿದ್ದರೆ ಇದೇ ಕಾರಣ.

ಬೇರೆ ಲೈನ್ ಎಳೆಯುವುದು

ಅದಕ್ಕೇ ಬೇರೆ ಲೈನ್. ಒಂದು ಮಧ್ಯಾಹ್ನದ ಕೆಲಸ, ಒಮ್ಮೆ ಮಾಡಿದರೆ ಮತ್ತೆ ಆ ಕಡೆ ನೋಡಬೇಕಾಗಿಲ್ಲ.

ಶುರು ಮಾಡುವ ಮುಂಚೆ ಬ್ಯಾಟರಿಯ ಮೈನಸ್ ಬಿಚ್ಚಿ ಪಕ್ಕಕ್ಕಿಡಿ. 10 ಅಥವಾ 12 ಗೇಜ್‌ನ ಎಳೆ ಎಳೆಯಾದ ತಾಮ್ರದ ವೈರ್ ತಗೊಳ್ಳಿ (ಗೇಜ್ ಅಂಕಿ ಕಡಿಮೆ ಆದಷ್ಟೂ ವೈರ್ ದಪ್ಪ), ಕೆಂಪು ಒಂದು, ಕಪ್ಪು ಒಂದು. ಎರಡನ್ನೂ ಬ್ಯಾಟರಿಯಿಂದಲೇ ತನ್ನಿ. ಕಪ್ಪನ್ನು ಡ್ಯಾಶ್ ಕೆಳಗಿನ ಯಾವುದೋ ಬೋಲ್ಟಿಗೆ ಬಿಗಿದು ಕೈ ತೊಳೆದುಕೊಳ್ಳುವವರಿದ್ದಾರೆ, ಹಾಗೆ ಮಾಡಬೇಡಿ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಕೆಂಪು ವೈರ್‌ಗೆ ಬ್ಯಾಟರಿಯ ಪ್ಲಸ್‌ನಿಂದ ಒಂದು ಗೇಣಿನೊಳಗೇ ಫ್ಯೂಸ್ ಬರಬೇಕು. ಫ್ಯೂಸ್ ಇರುವುದು ವೈರ್ ಉಳಿಸುವುದಕ್ಕೆ. ಅದನ್ನು ತಗೊಂಡು ಹೋಗಿ ಸಾಕೆಟ್ ಹತ್ತಿರ ಹಾಕಿದರೆ, ಬಾನೆಟ್ ಒಳಗೆ ವೈರ್ ಎಲ್ಲಾದರೂ ಉಜ್ಜಿ ಬಾಡಿಗೆ ತಾಗಿದಾಗ ತಡೆಯುವುದಕ್ಕೆ ನಡುವೆ ಏನೂ ಇರುವುದಿಲ್ಲ. ಎಷ್ಟು ಆಂಪ್ ಫ್ಯೂಸ್ ಅಂತ ಬ್ರೇಕ್ ಕಂಪನಿಯೇ ಹೇಳಿರುತ್ತದೆ, ಸಾಮಾನ್ಯವಾಗಿ 15 ಅಥವಾ 20. ಜಾಸ್ತಿ ಹಾಕಿದರೆ ಒಳ್ಳೆಯದು ಅನ್ನುವ ಲೆಕ್ಕ ಇಲ್ಲಿ ಇಲ್ಲ.

ಬಾನೆಟ್‌ನಿಂದ ಒಳಗೆ ಬರುವ ಜಾಗದಲ್ಲಿ ರಬ್ಬರ್ ಬುಷ್ ಇರಲೇಬೇಕು. ಕಂಪನಿ ವೈರ್‌ಗಳು ಹೋಗುವ ದೊಡ್ಡ ರಬ್ಬರ್ ತೂತಿನಲ್ಲೇ ಜಾಗ ಸಿಕ್ಕಿದರೆ ಅದೇ ಉತ್ತಮ. ಹೊಸ ತೂತು ಕೊರೆಯುವುದಾದರೆ ಆಚೆ ಕಡೆ ಏನಿದೆ ಅಂತ ಎರಡು ಸಲ ನೋಡಿ, ತಗಡಿನ ಅಂಚನ್ನು ಅರದಿಂದ ಉಜ್ಜಿ, ಬುಷ್ ಕೂರಿಸಿ. ವೈರ್‌ಗೆ ಪ್ಲಾಸ್ಟಿಕ್ ಕೊಳವೆ ತೊಡಿಸಿ, ಎಕ್ಸಾಸ್ಟ್‌ನಿಂದ ದೂರ, ಸ್ಟೀರಿಂಗ್ ರಾಡ್‌ನಿಂದ ದೂರ, ಪೆಡಲ್‌ಗಳಿಗೆ ಎಂದೂ ಸಿಕ್ಕದ ಹಾಗೆ ಜಿಪ್ ಟೈ ಹಾಕಿ. ಒಳಗೆ ಬಂದ ಮೇಲೆ ಸೀಟಿನ ಬುಡದಲ್ಲೋ, ಡ್ಯಾಶ್‌ನ ಕೆಳ ಅಂಚಿನಲ್ಲೋ ಸಾಕೆಟ್ ಕೂರಿಸಿ. ತಿರುಗಿಸಿ ಲಾಕ್ ಆಗುವ ಸಾಕೆಟ್ ಸಿಗುತ್ತದೆ, ದೋಣಿಗಳಿಗೆ ಹಾಕುವಂಥದ್ದು. ಆಂಡರ್ಸನ್ ಕನೆಕ್ಟರ್ ಆದರೆ ಇನ್ನೂ ಗಟ್ಟಿ, ಆದರೆ ಪೆಟ್ಟಿಗೆಯ ಪ್ಲಗ್ ಕತ್ತರಿಸಬೇಕಾಗುತ್ತದೆ. ವಾರಂಟಿ ಇರುವಾಗ ಕತ್ತರಿಸುವುದಕ್ಕಿಂತ ನಡುವೆ ಒಂದು ಚಿಕ್ಕ ಅಡಾಪ್ಟರ್ ವೈರ್ ಮಾಡಿಕೊಳ್ಳಿ.

ಎಲ್ಲ ಜೋಡಿಸಿದ ಮೇಲೆ ಒಂದು ಅಳತೆ ಮಾಡಿ. ಮಲ್ಟಿಮೀಟರ್ ಅನ್ನು ಸಾಕೆಟ್ ಹಿಂಭಾಗದ ಎರಡು ಟರ್ಮಿನಲ್‌ಗೆ ಹಿಡಿದು, ಇನ್ನೊಬ್ಬರಿಗೆ ಪೆಟ್ಟಿಗೆಯ ಟೆಸ್ಟ್ ಬಟನ್ ಒತ್ತಲು ಹೇಳಿ. ಕಂಪ್ರೆಸರ್ ಓಡುತ್ತಿರುವಾಗ ಬ್ಯಾಟರಿ ಕಂಬದಲ್ಲಿ ಕಾಣುವ ವೋಲ್ಟೇಜ್‌ಗೂ ಇಲ್ಲಿ ಕಾಣುವುದಕ್ಕೂ ಅರ್ಧ ವೋಲ್ಟ್‌ಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಎಲ್ಲೋ ಕ್ರಿಂಪ್ (ವೈರ್ ತುದಿಗೆ ಒತ್ತಿ ಕೂರಿಸಿದ ಜೋಡಣೆ) ಸಡಿಲ ಇದೆ. ಒಂದೊಂದಾಗಿ ಎಳೆದು ನೋಡಿ, ಕೈಗೆ ಬರುವಂಥದ್ದೇ ಕಳ್ಳ.

ಬ್ಯಾಟರಿ ಬಿಚ್ಚಿ ಎಳೆಯಬೇಕಾದ ಟ್ರಕ್‌ಗಳು

ಕೆಲವು ಟ್ರಕ್‌ಗಳ ಕೈಪಿಡಿ ಎಳೆಯುವಾಗ ಬ್ಯಾಟರಿಯ ಮೈನಸ್ ಕೇಬಲ್ ಬಿಚ್ಚಿ ಅನ್ನುತ್ತದೆ. ಪ್ರತಿ ಸಲ ಸ್ಪ್ಯಾನರ್ ಹಿಡಿಯುವುದು ಬೇಡ ಅಂತ ಜನ ಮೈನಸ್ ಮೇಲೆ ತಿರುಗಿಸುವ ಡಿಸ್ಕನೆಕ್ಟ್ ಸ್ವಿಚ್ ಹಾಕಿಸುತ್ತಾರೆ. ಒಳ್ಳೆಯ ಉಪಾಯ. ಬ್ಯಾಟರಿ ಕಡಿದರೆ ಟ್ರಕ್ ಪೂರ್ತಿ ಮಲಗುತ್ತದೆ, ಬ್ರೇಕ್ ಬಿಟ್ಟರೆ ತಿನ್ನುವವರು ಯಾರೂ ಇರುವುದಿಲ್ಲ.

ಆದರೆ ಬ್ರೇಕ್‌ನ ಕಪ್ಪು ವೈರ್ ಬಾಡಿಗೆ ಬಿಗಿದಿದ್ದರೆ, ಸ್ವಿಚ್ ತಿರುಗಿಸಿದ ಕೂಡಲೇ ಬ್ರೇಕ್ ಕೂಡ ಸಾಯುತ್ತದೆ. ಯಾಕೆಂದರೆ ಬಾಡಿಗೂ ಬ್ಯಾಟರಿಗೂ ಸಂಬಂಧ ಕಡಿದಿದೆ. ಅದಕ್ಕೇ ಕಪ್ಪು ವೈರ್ ಬ್ಯಾಟರಿ ಕಂಬಕ್ಕೇ, ಅಂದರೆ ಸ್ವಿಚ್‌ಗಿಂತ ಬ್ಯಾಟರಿ ಕಡೆಗೇ ಹೋಗಬೇಕು. ಬ್ರೇಕ್‌ಅವೇ ಸ್ವಿಚ್‌ನ ಮೈನಸ್‌ಗೂ ಇದೇ ನಿಯಮ.

ಇದರಲ್ಲಿ ಇನ್ನೊಂದು ಸಿಕ್ಕು ಇದೆ, ಒಳ್ಳೊಳ್ಳೆ ಕೆಲಸಗಾರರೂ ಇದನ್ನು ಮರೆಯುತ್ತಾರೆ. ಮೋಟರ್‌ಹೋಮ್‌ನಿಂದ ಬರುವ ಸುರುಳಿ ಕೇಬಲ್‌ನಲ್ಲಿ ಮೈನಸ್‌ಗೆ ಇರುವುದು ಒಂದೇ ಪಿನ್. ಟ್ರಕ್‌ನ ಹಿಂದಿನ ದೀಪಗಳಿಗೆ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಹಾಕಿ ಟ್ರಕ್‌ನ ಬಲ್ಬ್‌ಗಳನ್ನೇ ಉರಿಸುತ್ತಿದ್ದರೆ, ಆ ಮೈನಸ್ ಟ್ರಕ್ ಬಾಡಿಗೆ ಸೇರಿರುತ್ತದೆ. ಈಗ ಚಾರ್ಜ್ ಲೈನ್‌ನ ಮೈನಸ್ ಅನ್ನು ಅದೇ ಪಿನ್‌ನಿಂದ ಬ್ಯಾಟರಿ ಕಂಬಕ್ಕೆ ತಗೊಂಡು ಹೋದಿರಿ ಅನ್ನಿ. ಬಾಡಿ ಮತ್ತು ಬ್ಯಾಟರಿ ಆ ಪಿನ್‌ನಲ್ಲಿ ಮತ್ತೆ ಕೂಡಿಕೊಂಡವು. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟ ಹಾಗೆ. ಸ್ವಿಚ್ ಆಫ್ ಇದ್ದರೂ ಟ್ರಕ್ ಎದ್ದು ಕೂರುತ್ತದೆ, ಇಡೀ ಗಾಡಿಯ ಕರೆಂಟ್ ಆ ಸಣ್ಣ ವೈರ್ ಮೂಲಕ ಓಡಾಡುತ್ತದೆ. ಹೀಗಾಗಿದೆಯಾ ಅಂತ ನೋಡಲು ಡಿಸ್ಕನೆಕ್ಟ್ ಸ್ವಿಚ್ ಆಫ್ ಮಾಡಿ, ಸುರುಳಿ ಕೇಬಲ್ ಎರಡೂ ಕಡೆ ಚುಚ್ಚಿ, ಟ್ರಕ್‌ನ ಬಾಗಿಲು ತೆಗೆಯಿರಿ. ಒಳಗಿನ ದೀಪ ಹೊತ್ತಿಕೊಂಡರೆ ಹಿತ್ತಿಲ ಬಾಗಿಲು ತೆರೆದಿದೆ ಅಂತಲೇ ಅರ್ಥ. ಇಂಥ ಟ್ರಕ್‌ಗೆ ಹಿಂದಿನ ದೀಪಕ್ಕೆ ಬೇರೆ ಬಲ್ಬ್ ಕಿಟ್ ಇಲ್ಲವೇ ಅಂಟಿಸುವ ಎಲ್‌ಇಡಿ ದೀಪ ಹಾಕಿ, ಅದರ ಮೈನಸ್ ಬಾಡಿಗೆ ತಾಗದಂತೆ ಬೇರೆ ವೈರ್‌ನಲ್ಲೇ ವಾಪಸ್ ತನ್ನಿ.

ಮೋಟರ್‌ಹೋಮ್‌ನಿಂದ ಚಾರ್ಜ್

ಒಂದು ದಿನದ ಪ್ರಯಾಣ, ಮಲಗಿದ ಟ್ರಕ್, ಒಳ್ಳೆ ಬ್ಯಾಟರಿ, ಎಲ್ಲ ಇದ್ದರೆ ಚಾರ್ಜ್ ಲೈನ್ ಇಲ್ಲದೆಯೂ ನಡೆಯುತ್ತದೆ. ದಿನಾ ಎಳೆಯುವವರಿಗೆ, ಬೆಟ್ಟದ ದಾರಿಯಲ್ಲಿ ಹೋಗುವವರಿಗೆ, ಕೀ ಆನ್ ಇಡಲೇಬೇಕಾದ ಟ್ರಕ್‌ನವರಿಗೆ ಅದು ಬೇಕೇ ಬೇಕು.

ಮೋಟರ್‌ಹೋಮ್ ಹಿಂದಿನ ಏಳು ಪಿನ್ ಸಾಕೆಟ್‌ನಲ್ಲಿ ಸಾಮಾನ್ಯವಾಗಿ ಕಪ್ಪು ವೈರ್ 12 ವೋಲ್ಟ್ ಚಾರ್ಜ್‌ನದು, ಬಿಳಿ ಮೈನಸ್, ನೀಲಿ ಎಲೆಕ್ಟ್ರಿಕ್ ಬ್ರೇಕ್‌ನದು, ಕಂದು ಹಿಂದಿನ ದೀಪ, ಹಳದಿ ಎಡ, ಹಸಿರು ಬಲ. ಬಣ್ಣ ನಂಬಬೇಡಿ, ಮೀಟರ್ ನಂಬಿ. ಎಷ್ಟೋ ಮೋಟರ್‌ಹೋಮ್‌ಗಳಲ್ಲಿ ಆ ಕಪ್ಪು ಪಿನ್‌ಗೆ ಕರೆಂಟ್ ಬರುವುದೇ ಇಲ್ಲ, ಫ್ಯೂಸ್ ಹಾಕಿರುವುದಿಲ್ಲ ಅಥವಾ ರಿಲೇ ಕೊಟ್ಟಿರುವುದಿಲ್ಲ. ಬರುತ್ತಿದ್ದರೂ ಎಂಜಿನ್ ಆನ್ ಇದ್ದಾಗ ಮಾತ್ರವಾ, ಯಾವಾಗಲೂನಾ ನೋಡಿ. ಎಂಜಿನ್ ಆನ್ ಇದ್ದಾಗ ಮಾತ್ರ ಬರುವುದು ಒಳ್ಳೆಯದು. ಇಲ್ಲದಿದ್ದರೆ ರಾತ್ರಿ ನಿಂತಾಗ ಒಂದು ಬ್ಯಾಟರಿ ಇನ್ನೊಂದನ್ನು ಖಾಲಿ ಮಾಡುತ್ತದೆ.

ಈಗ ವೈರ್ ದಪ್ಪದ ಲೆಕ್ಕ. ಎಡವುವವರು ಜಾಸ್ತಿ ಎಡವುವುದು ಇಲ್ಲೇ. ಮೋಟರ್‌ಹೋಮ್‌ನ ಬ್ಯಾಟರಿಯಿಂದ ಟ್ರಕ್‌ನ ಬ್ಯಾಟರಿಗೆ 60 ಅಡಿ ಇದೆ ಅಂದುಕೊಳ್ಳಿ, ಹೋಗಿ ಬರಲು 120 ಅಡಿ. 14 ಗೇಜ್ ವೈರ್ ಆದರೆ ಅಷ್ಟು ಉದ್ದಕ್ಕೆ ಸುಮಾರು 0.3 ಓಮ್. 5 ಆಂಪ್ ಹರಿದರೆ ಒಂದೂವರೆ ವೋಲ್ಟ್ ದಾರಿಯಲ್ಲೇ ಹೋಯಿತು. ಎಂಜಿನ್ ಓಡುವಾಗ ಕರೆಂಟ್ ತಯಾರಿಸುವ ಆಲ್ಟರ್ನೇಟರ್ 14 ವೋಲ್ಟ್ ಕೊಟ್ಟರೂ ಟ್ರಕ್ ಹತ್ತಿರ ಮುಟ್ಟುವುದು 12.5. ತುಂಬಿದ ಬ್ಯಾಟರಿ ಸುಮ್ನೆ ಕೂತಾಗಲೇ 12.6 ಇರುತ್ತದೆ, ಅದು ತುಂಬುವುದಾದರೂ ಹೇಗೆ ಅಲ್ವಾ? 10 ಗೇಜ್ ವೈರ್ ಹಾಕಿದರೆ ಅದೇ ಉದ್ದಕ್ಕೆ 0.12 ಓಮ್, ಹೋಗುವುದು 0.6 ವೋಲ್ಟ್, ಆಚೆ ಕಡೆ 13.4 ಸಿಗುತ್ತದೆ. ಕೆಲಸ ಆಗುತ್ತದೆ. ನಡುವೆ ಡಯೋಡ್ ಇದ್ದರೆ ಅದು ಇನ್ನೊಂದು ಅರ್ಧ ವೋಲ್ಟ್ ನುಂಗುತ್ತದೆ, ಅದಕ್ಕೇ ಚಾರ್ಜ್ ಲೈನ್‌ನಲ್ಲಿ ಡಯೋಡ್ ನನಗೆ ಇಷ್ಟ ಇಲ್ಲ. ಸುರುಳಿ ಕೇಬಲ್ ಒಳಗಿನ ವೈರ್ ಕೂಡ ಸಣ್ಣದಿರುತ್ತದೆ, ಕೊಳ್ಳುವಾಗ ಚಾರ್ಜ್ ಮತ್ತು ಮೈನಸ್ ಎರಡೂ ದಪ್ಪ ಇರುವುದನ್ನು ಕೇಳಿ ತಗೊಳ್ಳಿ.

ವೈರ್‌ನ ಎರಡೂ ತುದಿಗೆ ಫ್ಯೂಸ್ ಬೇಕು. ಒಂದೇ ಸಾಕು ಅಂತ ಅನ್ನಿಸುತ್ತದೆ, ಆದರೆ ಎರಡೂ ಕಡೆ ಬ್ಯಾಟರಿ ಇದೆ. ನಡುವೆ ವೈರ್ ತುಂಡಾಗಿ ಚಾಸಿಗೆ ತಾಗಿದರೆ ಎರಡೂ ಕಡೆಯಿಂದ ಬೆಂಕಿಗೆ ಕರೆಂಟ್ ಬರುತ್ತದೆ.

ಇನ್ನು ಸುಮ್ನೆ ವೈರ್ ಸಾಕಾ, ಡಿಸಿ-ಡಿಸಿ ಚಾರ್ಜರ್ ಬೇಕಾ ಅನ್ನುವುದು. ಉದ್ದ ಕಡಿಮೆ, ವೈರ್ ದಪ್ಪ, ಹಳೇ ಥರದ ಆಲ್ಟರ್ನೇಟರ್ ಇದ್ದರೆ ವೈರ್ ಸಾಕು. ಈಗಿನ ಕೆಲವು ಚಾಸಿಗಳ ಆಲ್ಟರ್ನೇಟರ್ ತನ್ನ ಬ್ಯಾಟರಿ ತುಂಬಿದ ಕೂಡಲೇ ವೋಲ್ಟೇಜ್ ಇಳಿಸಿಬಿಡುತ್ತದೆ, ಆಗ ಎಷ್ಟು ದಪ್ಪ ವೈರ್ ಇದ್ದರೂ ಟ್ರಕ್‌ಗೆ ಏನೂ ಸಿಗುವುದಿಲ್ಲ. ಅಂಥ ಕಡೆ 5 ರಿಂದ 10 ಆಂಪ್‌ನ ಸಣ್ಣ ಡಿಸಿ-ಡಿಸಿ ಚಾರ್ಜರ್ ಅನ್ನು ಟ್ರಕ್‌ನ ಬ್ಯಾಟರಿ ಹತ್ತಿರ ಕೂರಿಸಿ. ಬಂದ ವೋಲ್ಟೇಜ್ ಕಡಿಮೆ ಇದ್ದರೂ ಅದು ಏರಿಸಿ ಕೊಡುತ್ತದೆ, ಎಳೆಯುವ ಆಂಪ್‌ಗೂ ಒಂದು ಮಿತಿ ಇರುತ್ತದೆ, ಹಾಗಾಗಿ ಪಿನ್ ಬಿಸಿಯಾಗುವುದಿಲ್ಲ, ಕರೆಂಟ್ ಹಿಂದಕ್ಕೂ ಹರಿಯುವುದಿಲ್ಲ. ದುಡ್ಡು ಸ್ವಲ್ಪ ಜಾಸ್ತಿ. ಆದರೂ ನನ್ನ ಮತ ಇದಕ್ಕೇ.

ಪಿನ್‌ಗಳನ್ನು ಆಗಾಗ ನೋಡುತ್ತಿರಿ. ಮಳೆಯಲ್ಲಿ ಮೋಟರ್‌ಹೋಮ್‌ನ ಚಕ್ರ ಎರಚುವ ನೀರೆಲ್ಲ ನೇರ ಆ ಸಾಕೆಟ್ ಮೇಲೆ. ಹಸಿರು ಕಿಲುಬು ಹಿಡಿದಿದ್ದರೆ ಉಜ್ಜಿ, ಡೈಎಲೆಕ್ಟ್ರಿಕ್ ಗ್ರೀಸ್ ಸವರಿ. ಟ್ರಕ್ ಬ್ಯಾಟರಿಯ ವೋಲ್ಟೇಜ್ ಸ್ಟೀರಿಂಗ್ ಮುಂದೆ ಕೂತೇ ಕಾಣುವ ಹಾಗೆ ಒಂದು ವೈರ್‌ಲೆಸ್ ಮಾನಿಟರ್ ಹಾಕಿಕೊಂಡರೆ ಇನ್ನೂ ಒಳ್ಳೆಯದು. ಓಡುವಾಗ 13ರ ಮೇಲೆ ನಿಂತಿದ್ದರೆ ಚಾರ್ಜ್ ಆಗುತ್ತಿದೆ. 12.2ಕ್ಕೆ ಇಳಿದರೆ ಅರ್ಧ ಖಾಲಿ, ಮುಂದಿನ ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿ ನೋಡಿ.

ಬ್ರೇಕ್‌ಅವೇ

ಟೋ ಬಾರ್ ಕಳಚಿ ಟ್ರಕ್ ಬೇರೆಯಾದರೆ ಅದೇ ಬ್ರೇಕ್ ಹಾಕಿಕೊಂಡು ನಿಲ್ಲಬೇಕು. ಅದಕ್ಕೇ ಬ್ರೇಕ್‌ಅವೇ ಸ್ವಿಚ್. ಮೋಟರ್‌ಹೋಮ್‌ಗೆ ಕಟ್ಟಿದ ಸಣ್ಣ ಕೇಬಲ್ ಪಿನ್ ಕಿತ್ತುಕೊಳ್ಳುತ್ತದೆ, ಬ್ರೇಕ್ ಪೂರ್ತಿ ಒತ್ತುತ್ತದೆ. ಆ ಗಳಿಗೆಯಲ್ಲಿ ಸುರುಳಿ ಕೇಬಲ್ ಕೂಡ ಕಿತ್ತು ಹೋಗಿರುತ್ತದೆ. ಬ್ರೇಕ್‌ನ ಕರೆಂಟ್ ಮೋಟರ್‌ಹೋಮ್‌ನಿಂದಲೇ ಬರುತ್ತಿದ್ದರೆ, ಅತ್ಯಂತ ಬೇಕಾದ ಹೊತ್ತಿಗೆ ಅದಕ್ಕೆ ಏನೂ ಇಲ್ಲ. ಶುರುವಿನಲ್ಲಿ ಟ್ರಕ್ ಬ್ಯಾಟರಿ ಅಂತ ಅಷ್ಟು ಒತ್ತಿ ಹೇಳಿದ್ದು ಇದಕ್ಕೇ.

ಆ ಪಿನ್ ಕೇಬಲ್ ಅನ್ನು ಟೋ ಬಾರ್‌ಗೋ, ಹಿಚ್‌ನ ಬಾಲ್‌ಗೋ ಕಟ್ಟಬೇಡಿ, ಅವೇ ಕಳಚಿದರೆ ಕೇಬಲ್ ಕೂಡ ಜೊತೆಗೇ ಹೋಗುತ್ತದೆ. ಮೋಟರ್‌ಹೋಮ್‌ನ ಚೌಕಟ್ಟಿಗೆ ಸೇರಿದ ಗಟ್ಟಿ ಜಾಗಕ್ಕೆ ಕಟ್ಟಿ. ಸೇಫ್ಟಿ ಕೇಬಲ್‌ನ ಕೊಕ್ಕೆಗೂ ಸಿಕ್ಕಿಸಬೇಡಿ. ತಿರುವಿನಲ್ಲಿ ಎಳೆಯದಷ್ಟು ಸಡಿಲ ಇರಲಿ, ನೆಲಕ್ಕೆ ಉಜ್ಜದಷ್ಟು ಗಿಡ್ಡ ಇರಲಿ.

ಪರೀಕ್ಷೆ ಹೀಗೆ. ಸಮತಟ್ಟಾದ ಖಾಲಿ ಜಾಗದಲ್ಲಿ ಎಲ್ಲ ಕಟ್ಟಿ, ಸುರುಳಿ ಕೇಬಲ್ ಬಿಚ್ಚಿ, ಆಮೇಲೆ ಪಿನ್ ಕೀಳಿ. ಕೇಬಲ್ ಚುಚ್ಚಿಟ್ಟೇ ಪರೀಕ್ಷೆ ಮಾಡಿದರೆ ಏನೂ ಗೊತ್ತಾಗುವುದಿಲ್ಲ. ಪೆಡಲ್ ಕೆಳಗೆ ಹೋಗಿ ಅಲ್ಲೇ ನಿಲ್ಲಬೇಕು. ಮೋಟರ್‌ಹೋಮ್ ಅನ್ನು ಮೆತ್ತಗೆ ಒಂದಡಿ ಮುಂದೆ ತಂದರೆ ಟ್ರಕ್‌ನ ಚಕ್ರ ಹಿಡಿದುಕೊಂಡಿರುವುದು ಗೊತ್ತಾಗಬೇಕು. ಪಿನ್ ವಾಪಸ್ ಹಾಕಿ, ಪೆಡಲ್ ಪೂರ್ತಿ ಮೇಲೆ ಬಂತಾ ನೋಡಿ.

ಪೆಡಲ್, ದೀಪ, ಹೊರಡುವ ಮುಂಚೆ

ಪೆಟ್ಟಿಗೆ ಕೂರಿಸುವ ಮುಂಚೆ ಎಂಜಿನ್ ಆಫ್ ಇರುವಾಗ ಬ್ರೇಕ್ ಪೆಡಲ್ ಅನ್ನು ಗಟ್ಟಿಯಾಗುವ ತನಕ ನಾಲ್ಕೈದು ಸಲ ತುಳಿಯಿರಿ. ಪೆಡಲ್ ಒತ್ತಡಕ್ಕೆ ಬಲ ಸೇರಿಸುವ ಬೂಸ್ಟರ್‌ನಲ್ಲಿ ಉಳಿದ ವ್ಯಾಕ್ಯೂಮ್ ಖಾಲಿಯಾಗಬೇಕು. ಮೆತ್ತಗಿನ ಪೆಡಲ್‌ಗೆ ಹೊಂದಿಸಿದರೆ ಮೊದಲ ಒಂದೆರಡು ಸಲ ಟ್ರಕ್ ಜೋರಾಗಿ ಹಿಡಿಯುತ್ತದೆ, ಆಮೇಲೆ ಏನೂ ಹಿಡಿಯುವುದಿಲ್ಲ. ಎಲೆಕ್ಟ್ರಿಕ್ ಬೂಸ್ಟರ್ ಇರುವ ಹೊಸ ಟ್ರಕ್‌ಗಳಲ್ಲಿ ಈ ಮಾತು ನಡೆಯುವುದಿಲ್ಲ, ಅವು ಪೆಡಲ್ ಅಲುಗಿದರೆ ಸಾಕು ಎಚ್ಚರವಾಗಬಹುದು. ನಿಮ್ಮ ಟ್ರಕ್ ಅಂಥದ್ದಾದರೆ ಆ ಬ್ರೇಕ್ ಆ ಬೂಸ್ಟರ್‌ಗೆ ಹೊಂದುತ್ತದಾ ಅಂತ ಬ್ರೇಕ್ ಕಂಪನಿಯನ್ನು ಕೇಳದೆ ಕೊಳ್ಳಬೇಡಿ.

ಪೆಡಲ್ ಒತ್ತಿದಾಗ ಟ್ರಕ್‌ನ ಬ್ರೇಕ್ ದೀಪವೂ ಉರಿಯುತ್ತದೆ. ಹಳೇ ಬಲ್ಬ್ ಆದರೆ ಒಂದೊಂದೂ 2 ಆಂಪ್ ತಿನ್ನುತ್ತದೆ, ಎಲ್‌ಇಡಿ ಆದರೆ ಚಿಂತೆ ಇಲ್ಲ. ಬ್ರೇಕ್‌ಗೂ ಇಂಡಿಕೇಟರ್‌ಗೂ ಒಂದೇ ಕೆಂಪು ಬಲ್ಬ್ ಇರುವ ಟ್ರಕ್‌ಗಳಲ್ಲಿ ಇನ್ನೊಂದು ತೊಂದರೆ, ಬ್ರೇಕ್ ಒತ್ತಿ ತಿರುಗುವಾಗ ಇಂಡಿಕೇಟರ್ ಮಿನುಗುವುದೇ ಕಾಣುವುದಿಲ್ಲ. ಅದಕ್ಕೆ ಬ್ರೇಕ್ ದೀಪದ ಲೈನ್ ಕಡಿಯುವ ರಿಲೇ ಕಿಟ್ ಸಿಗುತ್ತದೆ, ಹಾಕಿಸಿ.

ಮೊದಲ ದಿನ ಅರ್ಧ ಗಂಟೆ ಓಡಿಸಿ ನಿಲ್ಲಿಸಿ. ಟ್ರಕ್‌ನ ನಾಲ್ಕು ಚಕ್ರದ ಹತ್ತಿರ ಕೈ ಹಿಡಿದು ನೋಡಿ, ಮುಟ್ಟಬೇಡಿ. ಒಂದು ಇನ್ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಇನ್ನೂ ಸುಲಭ. ಹೆದ್ದಾರಿಯಲ್ಲಿ ಬ್ರೇಕ್ ಹಾಕದೆ ಬಂದರೂ ಚಕ್ರ ಕಾದಿದ್ದರೆ ಪೆಡಲ್ ಪೂರ್ತಿ ಬಿಟ್ಟಿಲ್ಲ ಅಂತ ಅರ್ಥ. ಪಾರ್ಕಿಂಗ್ ಬ್ರೇಕ್ ಬಿಟ್ಟಿದೆಯಾ ಅಂತಲೂ ಆಗಲೇ ನೋಡಿ, ಎಲೆಕ್ಟ್ರಿಕ್ ಪಾರ್ಕಿಂಗ್ ಬ್ರೇಕ್ ಇರುವ ಕೆಲವು ಗಾಡಿ ತಾವಾಗಿಯೇ ಹಾಕಿಕೊಳ್ಳುತ್ತವೆ. ಹಾಗೇ ಬಾನೆಟ್ ತೆಗೆದು ಫ್ಯೂಸ್ ಹೋಲ್ಡರ್, ಒಳಗೆ ಸಾಕೆಟ್‌ನ ಪ್ಲಗ್, ಹಿಂದೆ ಚಾರ್ಜ್ ಪಿನ್, ಮೂರನ್ನೂ ಬೆರಳಲ್ಲಿ ಮುಟ್ಟಿ. ಬೆಚ್ಚಗಿದ್ದರೆ ಪರವಾಗಿಲ್ಲ, ಕೈ ಇಡಲಾರದಷ್ಟು ಬಿಸಿಯಾಗಿದ್ದರೆ ಆ ಜೋಡಣೆ ಬಿಚ್ಚಿ ಹೊಸದಾಗಿ ಮಾಡಿ.

ಸಂಜೆ ಕ್ಯಾಂಪ್ ಸೇರಿದ ಮೇಲೆ ಪೆಟ್ಟಿಗೆಯ ಪ್ಲಗ್ ಕಿತ್ತುಬಿಡಿ, ಪೆಡಲ್‌ನಿಂದ ಹಿಡಿ ಬಿಡಿಸಿ. ಲೈನ್‌ನಲ್ಲಿ ಈಗ ಯಾವಾಗಲೂ ಕರೆಂಟ್ ಇರುತ್ತದೆ, ಕಾಯುತ್ತಾ ಕೂತ ಪೆಟ್ಟಿಗೆ ವಾರವೆಲ್ಲ ಬ್ಯಾಟರಿ ಹೀರುತ್ತಿರುತ್ತದೆ. ಬ್ರೇಕ್‌ಅವೇ ಪಿನ್ ಸ್ವಿಚ್‌ನಲ್ಲೇ ಇದೆಯಾ ನೋಡಿ, ಟೋ ಬಾರ್ ಬಿಚ್ಚುವ ಗಡಿಬಿಡಿಯಲ್ಲಿ ಅದು ಕಿತ್ತು ಬಂದಿರುತ್ತದೆ. ಆಮೇಲೆ ಡಿಸ್ಕನೆಕ್ಟ್ ಸ್ವಿಚ್ ಆನ್ ಮಾಡಿ, ಟ್ರಾನ್ಸ್‌ಫರ್ ಕೇಸ್ ನ್ಯೂಟ್ರಲ್‌ನಿಂದ ತೆಗೆದು, ಟ್ರಕ್ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಓಡಾಡಿಸಿಕೊಂಡು ಬನ್ನಿ.